ಮಕ್ಕಳ ಕೋಣೆಯಲ್ಲಿ ಕಟ್ಟಿದ ಜೋಲಿ

ಚಿನ್ನಿ, ಗುಂಡ್ಯಾ,

ಹೋದ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ನನ್ನ ಚಾಪೆಯ ಮೇಲೆ ಉರುಳಾಡುತ್ತಾ, "ಅಜ್ಜಿ, ಲೈಬ್ರರಿಯಾಗ ನೀ ಏನ್ ಕೆಲಸ ಮಾಡ್ತಿದ್ದಿ? ಬುಕ್ ಕೊಡೂದು, ತಗೊಳೂದು, ಅಷ್ಟೇನಾ?" ಎಂದು ಕೇಳಿದ್ದಿರಿ. ನಾನು "ಹೂಂ, ಅಷ್ಟ" ಎಂದು ಒಲೆಯ ಮೇಲಿನ ಹಾಲು ನೋಡುವ ನೆಪ ಮಾಡಿ ಎದ್ದುಹೋದೆ. ಹಾಲು ಉಕ್ಕಿರಲಿಲ್ಲ. ಎದುರಿಗೆ ಕೂತು ನನ್ನ ವಿಷಯ ಹೇಳಲು ನನಗೆ ಬರುವುದಿಲ್ಲ. ಕೇಳುವವರು ಸ್ವಂತ ಮೊಮ್ಮಕ್ಕಳಾದರೂ ಬಾಯಿ ಒಣಗುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೇವದುರ್ಗದ ಗ್ರಂಥಾಲಯದಲ್ಲಿ ಮಕ್ಕಳಿಗೆಂದು ಒಂದು ಕೋಣೆ ಇತ್ತು. ಅದು ಮಕ್ಕಳಿಗೆ ಉಳಿಯುತ್ತದೋ, ಕೈಬಿಟ್ಟು ಹೋಗುತ್ತದೋ ಎಂದು ನಾನು ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಚಡಪಡಿಸಿದ ಕಾಲವೊಂದಿತ್ತು. ಅದನ್ನು ಹೇಳಿದರೆ ನನ್ನ ಕೆಲಸ ಏನಿತ್ತೆಂದು ನಿಮಗೆ ಗೊತ್ತಾದೀತು.

ನಾನು ಹುಟ್ಟಿ ಬೆಳೆದದ್ದು, ಶಾಲೆ ಕಲಿತದ್ದು ಚೀಕಲಪರ್ವಿಯಲ್ಲಿ. ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕಗಳು ನಮ್ಮ ಶಾಲೆಯಲ್ಲಿ ಇರಲಿಲ್ಲವೆಂದಲ್ಲ. ಹೆಡ್‌ಮಾಸ್ತರರ ಕೋಣೆಯ ಗಾಜಿನ ಕಪಾಟಿನಲ್ಲಿದ್ದವು, ಬೀಗದೊಳಗೆ. ಅವುಗಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಮದುವೆಯಾಗಿ ರಾಯಚೂರಿಗೆ ಬಂದೆ. ನಿಮ್ಮ ಅಜ್ಜ ಗ್ರಂಥಾಲಯದಲ್ಲಿ ಸಹವರ್ತಿಯಾಗಿದ್ದರು. ಬೆಳಿಗ್ಗೆ ಬಾಗಿಲು ತೆಗೆದು ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು, ಜನ ಓದಿ ಬಿಟ್ಟ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ಅವರ ಕೆಲಸ. ಅವರು ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಆ ಕೆಲಸ ಅನುಕಂಪದ ಮೇಲೆ ನನಗೆ ಬಂತು.

ಮೊದಲು ಹಾಕಿದ್ದು ಮಾನ್ವಿಗೆ. "ಹೆಣ್ಮಗಳು ಅದಾರ, ಮಕ್ಕಳ ಪುಸ್ತಕ ನೋಡ್ಕೊಳ್ಲಿ" ಎಂದು ಮಕ್ಕಳ ಕಪಾಟನ್ನು ನನಗೆ ಒಪ್ಪಿಸಿದರು. ಹೆಣ್ಣುಮಗಳು ಎಂದ ಕೂಡಲೇ ಮಕ್ಕಳನ್ನು ಸಂಭಾಳಿಸುವುದು ತಾನಾಗಿ ಬಂದುಬಿಡುತ್ತದೆ ಎಂದು ಅವರು ತಿಳಿದಿದ್ದರು. ನನಗೆ ಒಂದು ಮಗುವಿನ ಅಭ್ಯಾಸವಿತ್ತು. ಅಲ್ಲಿ ಶಾಲೆ ಬಿಟ್ಟ ಗಳಿಗೆಯಲ್ಲಿ ಒಂದು ಹಿಂಡೇ ನುಗ್ಗುತ್ತಿತ್ತು. ಮಿರ್ಚಿ ಭಜಿ ತಿಂದ ಕೈ, ಮಣ್ಣಿನ ಕೈ, ಐಸ್‌ಕ್ಯಾಂಡಿ ಸೋರುವ ಕೈ. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈ ತಿರುಗಿಸಿ ನೋಡಿ ನಲ್ಲಿಯ ಕಡೆ ಕಳಿಸುತ್ತಿದ್ದೆ. ತೊಳೆದ ಕೈಯನ್ನು ಅಂಗಿಗೆ ಒರೆಸಿ ಮತ್ತೆ ಮಣ್ಣು ಮಾಡಿಕೊಂಡು ಬರುತ್ತಿದ್ದರು. ತನಗೆ ಇಷ್ಟವಾದ ಪುಸ್ತಕ ನಾಳೆ ಬೇರೆಯವರ ಕೈಗೆ ಹೋಗಬಾರದೆಂದು ಕಪಾಟಿನ ಹಿಂದೆ ತುರುಕಿ ಹೋಗುವವರಿದ್ದರು. ಹುಲಿಯ ಚಿತ್ರ ಹರಿದುಕೊಂಡವನೊಬ್ಬ, "ಹುಲಿ ಓಡಿ ಹೋತ್ರಿ ಟೀಚರ್" ಎಂದ. ಸಂತೆಯ ದಿನವಂತೂ ತಾಯಂದಿರು ಮಕ್ಕಳನ್ನು ನನ್ನ ಬಾಗಿಲಲ್ಲಿ ಇಳಿಸಿ, "ಯವ್ವಾ, ಸ್ವಲ್ಪ ನೋಡ್ಕೋರಿ, ಉಳ್ಳಾಗಡ್ಡಿ ತಗೊಂಡು ಬಂದೆ" ಎಂದು ಹೋದರೆ ಹೊತ್ತು ಮುಳುಗಿದರೂ ಬರುತ್ತಿರಲಿಲ್ಲ.

ಅದೆಲ್ಲವನ್ನೂ ಮಾಡಿದೆ. ಮಾಡಲಾಗದೆ ಉಳಿದದ್ದು ಒಂದೇ, ಮಕ್ಕಳಿಗೆ ಕಥೆ ಓದಿ ಹೇಳುವುದು. ಶನಿವಾರ ಕಥೆ ಓದಬೇಕೆಂದು ಮೇಲಿನವರು ಹೇಳಿದ್ದರು. ಪುಸ್ತಕ ಬಿಚ್ಚಿ ಕೂತರೆ, ಆಚೆ ದೊಡ್ಡ ವಾಚನ ಹಾಲಿನಲ್ಲಿ ಪೇಪರು ಓದುವ ಗಂಡಸರೆಲ್ಲ ಕಿವಿ ಈ ಕಡೆ ತಿರುಗಿಸಿದ್ದಾರೆ ಎನಿಸಿ ನನ್ನ ದನಿ ಗಂಟಲಲ್ಲೇ ನಿಂತುಬಿಡುತ್ತಿತ್ತು. ದೊಡ್ಡ ಹುಡುಗಿಯೊಬ್ಬಳ ಕೈಗೆ ಪುಸ್ತಕ ಕೊಟ್ಟು, "ನೀನ ಓದವಾ" ಎಂದು ನಾನು ಕಪಾಟು ಒರೆಸುತ್ತಾ ನಿಲ್ಲುತ್ತಿದ್ದೆ.

ಮುಂದೆ ದೇವದುರ್ಗಕ್ಕೆ ವರ್ಗವಾಯಿತು. ನಿಮ್ಮ ಅವ್ವನ ಮದುವೆಯಾಗಿ, ನೀವಿಬ್ಬರೂ ಹುಟ್ಟಿದ ಮೇಲಿನ ಮಾತು ಇದು. ಮನೆ ರಾಯಚೂರಿನಲ್ಲೇ ಇತ್ತು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ದಾರಿಯಲ್ಲಿ ಗಬ್ಬೂರಿನಲ್ಲಿ ಬಸ್ಸು ನಿಂತಾಗ ಅರ್ಧ ಊರೇ ಹತ್ತುತ್ತಿತ್ತು. ಹಾಗೆ ಹತ್ತುವವರಲ್ಲಿ ಒಬ್ಬ ಉದ್ದನೆಯ ಹುಡುಗ ಇದ್ದ. ಹೆಗಲಿಗೆ ದೊಡ್ಡ ಚೀಲ, ಕೈಯಲ್ಲಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ನಾನಿಳಿಯುವಲ್ಲೇ ಇಳಿದು, ನಾನು ಬೀಗ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ.

ಅವನೊಬ್ಬನೇ ಅಲ್ಲ. ಅಂಥ ಹುಡುಗರು, ಹುಡುಗಿಯರು ಸುತ್ತಲ ಊರುಗಳಿಂದ ಬಂದು ಹಾಲಿನ ಕುರ್ಚಿಗಳನ್ನೆಲ್ಲ ಹಿಡಿದಿರುತ್ತಿದ್ದರು. ಬಸ್ಸಿನ ಸೀಟಿಗೆ ಹಾಕುವಂತೆ ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ಚಹಾಕ್ಕೆ ಹೋಗುತ್ತಿದ್ದರು. ಕುರ್ಚಿ ಸಿಗದವರು ವರಾಂಡದ ಕಂಬಕ್ಕೆ ಒರಗಿ ನಿಂತು ಓದುತ್ತಿದ್ದರು. ಮನೆಯಲ್ಲಿ ಅವರಿಗೆ ಓದಲು ಜಾಗವಿಲ್ಲ, ವಯಸ್ಸು ಮೀರುತ್ತಿದೆ. ಅವರ ಕಷ್ಟ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಳಮಳ ಹೆಚ್ಚು. ಏಕೆಂದರೆ ಹಾಲಿನ ಪಕ್ಕದಲ್ಲೇ ಮಕ್ಕಳ ಕೋಣೆ. ಪುಟ್ಟ ನೀಲಿ ಕುರ್ಚಿಗಳು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳು, ನೆಲಕ್ಕೆ ಜಮಖಾನ. ಮಧ್ಯಾಹ್ನವೆಲ್ಲ ಅದು ಖಾಲಿ. ಹುಡುಗರ ಕಣ್ಣು ಆ ಬಾಗಿಲ ಮೇಲೆ ಬಿದ್ದಾಗಲೆಲ್ಲ ನಾನು ಎದ್ದು ಹೋಗಿ ಏನಾದರೊಂದು ಜೋಡಿಸುತ್ತಾ ಅಲ್ಲಿ ಓಡಾಡುತ್ತಿದ್ದೆ. ಯಾರಾದರೂ ಒಳಗಿದ್ದಾರೆ ಎಂದು ಕಾಣಬೇಕಲ್ಲ.

ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಅವಳ ತಾಯಿ ಬಸ್‌ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದಳು. ಮನೆಯಲ್ಲಿ ಅವರದು ದಖ್ಖನಿ ಮಾತು, ಹೊರಗೆ ನಮ್ಮ ಕನ್ನಡ. ಶಾಲೆ ಬಿಟ್ಟ ಕೂಡಲೇ ಹುಡುಗಿ ತಾಯಿಯ ಹತ್ತಿರ ಹೋಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಬರಬೇಕು, ಇಲ್ಲದಿದ್ದರೆ ತಾಯಿಗೆ ತಕ್ಕಡಿ ಹಿಡಿಯಲು ಕೈ ಬಿಡುವಾಗದು. ಕೂಸಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಹುಡುಗಿ ಒಳಗೆ ಬಂದು ಕೂರುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು, ಸೊಂಟವನ್ನು ಅತ್ತಿತ್ತ ತೂಗುತ್ತಾ, ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. ಹಾಳೆ ತಿರುಗಿಸಲು ಗದ್ದ ಉಪಯೋಗಿಸುತ್ತಿದ್ದಳು. ಕೂಸು ಬಗ್ಗಿ ಹಾಳೆಯ ಮೂಲೆ ಬಾಯಿಗೆ ಹಾಕಿಕೊಳ್ಳುತ್ತಿತ್ತು.

"ಒಳಗ ಬಾರವಾ" ಎಂದೆ ಒಮ್ಮೆ.

"ಕುಂತ್ರ ಅಳ್ತಾನ್ರಿ ಟೀಚರ್. ನಿಂತ್ರ ಸುಮ್ನ ಇರ್ತಾನ."

"ಮತ್ತ ಕಾಲು ನೋಯಂಗಿಲ್ಲೇನು?"

"ನೋಯ್ತಾವ್ರಿ. ಕಥಿ ಮುಗೀತಂದ್ರ ನೋಯ್ತಾವ."

ಕೂಸು ಅತ್ತೇ ಬಿಟ್ಟರೆ ಹಾಲಿನಿಂದ "ಶ್‌... ಶ್‌..." ಶುರುವಾಗುತ್ತಿತ್ತು. ಅವಳು ಪುಸ್ತಕವನ್ನು ಹೊಸ್ತಿಲ ಮೇಲೆ ಇಟ್ಟು ಓಡುತ್ತಿದ್ದಳು. ಮರುದಿನ ಅದೇ ಪುಟ ಹುಡುಕುತ್ತಾ ಬರುತ್ತಿದ್ದಳು.

ಒಂದು ದಿನ ಬಸ್ಸಿನ ಕಿಟಕಿಯಿಂದ ನೋಡಿದೆ. ಹತ್ತಿ ಬಿಡಿಸುವ ಹೆಂಗಸರು ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದರು. ನಾನು ಹುಟ್ಟಿದಾಗಿನಿಂದ ನೋಡುತ್ತಾ ಬಂದದ್ದೇ. ಆದರೆ ಅವತ್ತು ದೇವದುರ್ಗ ಮುಟ್ಟುವವರೆಗೂ ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಮಕ್ಕಳ ಕೋಣೆಯ ಮಾಳಿಗೆಗೆ ಒಂದು ಕೊಕ್ಕೆ ಇತ್ತು. ಫ್ಯಾನು ರಿಪೇರಿಗೆಂದು ಹೋಗಿ ವಾಪಸು ಬಂದಿರಲಿಲ್ಲ, ಕೊಕ್ಕೆ ಮಾತ್ರ ಉಳಿದಿತ್ತು. ಮರುದಿನ ನನ್ನದೊಂದು ತೆಳುವಾದ ಹಳೆಯ ನೂಲಿನ ಸೀರೆ ತಂದು, ಸ್ಟೂಲು ಹತ್ತಿ ಅದಕ್ಕೆ ಕಟ್ಟಿದೆ. ಜೋಲಿಯ ಬಾಯಿ ಮುಚ್ಚಿಕೊಳ್ಳದಿರಲೆಂದು ಪೇಪರು ಸಿಕ್ಕಿಸುವ ಮುರುಕು ಕೋಲನ್ನು ಅಡ್ಡ ಇಟ್ಟೆ. ತೂಗಲು ಒಂದು ಹಗ್ಗ. ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ಕೂಸನ್ನು ಒಳಗೆ ಹಾಕಿದೆ. ಅದು ಒಮ್ಮೆ ಮಾಳಿಗೆ ನೋಡಿ, ಬೆರಳು ಬಾಯಿಗಿಟ್ಟುಕೊಂಡು ನಿದ್ದೆ ಹೋಯಿತು. ಹುಡುಗಿ ಮೊದಲ ಸಲ ಒಂದು ನೀಲಿ ಕುರ್ಚಿಯ ಮೇಲೆ ಕೂತಳು. ಕೂತವಳು ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡಳು.

ಆಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಶನಿವಾರ ಹಗ್ಗ ಎಳೆಯುತ್ತಾ ಕೂತಿದ್ದೆ. ಕೂಸು ಮಿಸುಕುತ್ತಿತ್ತು. ಅದು ಮಲಗಲೆಂದು, ಎದುರಿಗೆ ತೆರೆದಿದ್ದ ಪುಸ್ತಕವನ್ನೇ ಸಣ್ಣಗೆ ಓದತೊಡಗಿದೆ. ಕೊಕ್ಕರೆಯದೊಂದು ಕಥೆ. ಹಗ್ಗ ಹೋದಾಗ ಅರ್ಧ ಸಾಲು, ಬಂದಾಗ ಅರ್ಧ ಸಾಲು. ಓದುತ್ತಾ ಓದುತ್ತಾ ದನಿ ಸ್ವಲ್ಪ ಏರಿತು. ತಲೆ ಎತ್ತಿದರೆ ಮಕ್ಕಳೆಲ್ಲ ತಮ್ಮ ಪುಸ್ತಕ ಬಿಟ್ಟು ಜಮಖಾನದ ಮೇಲೆ ಸರಿದು ಸರಿದು ನನ್ನ ಮೊಣಕಾಲಿನವರೆಗೆ ಬಂದಿದ್ದರು. ಹುಡುಗಿ ಎದ್ದು ಜೋಲಿಯೊಳಗೆ ಬಗ್ಗಿ, "ದೇಖ್ ರೇ, ಬಗ್ಲಾ. ಮಛ್ಲಿ ಖಾತಾ ಸೋ ಬಗ್ಲಾ" ಎಂದು ಮೀನು ತಿನ್ನುವ ಕೊಕ್ಕರೆಯ ಕಥೆಯನ್ನು ತಮ್ಮನಿಗೂ ಮನೆಮಾತಿನಲ್ಲಿ ತಿಳಿಸಿದಳು. ಕೈಗೆ ಹಗ್ಗದ ಕೆಲಸ ಇದ್ದರೆ ನನ್ನ ಗಂಟಲು ಹೆದರುವುದಿಲ್ಲ ಎಂದು ಅವತ್ತು ತಿಳಿಯಿತು.

ಸುದ್ದಿ ಊರಲ್ಲಿ ಹಬ್ಬಿತು. ತಮ್ಮನನ್ನೋ ತಂಗಿಯನ್ನೋ ಹೊತ್ತುಕೊಂಡ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಎಂದೂ ಗ್ರಂಥಾಲಯದ ಮೆಟ್ಟಿಲು ಹತ್ತದವರು. ಜೋಲಿ ಒಂದೇ, ಕೂಸುಗಳು ನಾಲ್ಕೈದು. ಸರದಿಯ ಮೇಲೆ ಜಗಳ. "ನಿಮ್ಮ ತಮ್ಮ ಎದ್ದಾನಲ್ಲ, ತೆಗೀ ಇನ್ನ!" "ಎದ್ದಿಲ್ಲ, ನಗಾಕತ್ತಾನ!" ಒಂದು ಕೂಸು ಜಮಖಾನ ಒದ್ದೆ ಮಾಡಿದರೆ ಇನ್ನೊಂದು ಅದರಲ್ಲೇ ಅಂಬೆಗಾಲಿಡುತ್ತಿತ್ತು. ನಾನು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಹಾಲಿನ ಕಡೆ ಒಂದು ಕಿವಿ ಕೊಟ್ಟು ಕೂತಿರುತ್ತಿದ್ದೆ. ಹಾಲಿನಲ್ಲಿ ಕುರ್ಚಿ ಸರಿದ ಸದ್ದಾದರೆ ಬೈಯಲು ಬಂದರೋ ಏನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ.

ಮೊದಮೊದಲು ಅವರು ತಮಾಷೆ ಮಾಡುತ್ತಿದ್ದರು. "ಇಲ್ಲಿ ಓದಿದ್ರ ನಾವು ಪಿಎಸ್‌ಐ ಆಗಂಗಿಲ್ಲಲೇ, ಸೂಲಗಿತ್ತಿ ಆಗ್ತೀವಿ" ಎಂದು ಒಬ್ಬ ಅಂದಾಗ ಹಾಲೆಲ್ಲ ನಕ್ಕಿತು. ಹಣ್ಣಿನ ಗಾಡಿಯವಳ ಮಗಳು ಸುಮ್ಮನಿರಬೇಕಲ್ಲ, ಬಾಗಿಲಿಗೆ ಹೋಗಿ, "ಕೂಸು ಅತ್ರ ಅಂಜ್ತೀರಿ. ನಾಳಿ ಕಳ್ಳರು ಬಂದ್ರ ಏನ್ ಮಾಡ್ತೀರಿ ಸಾಹೇಬ್ರ?" ಎಂದಳು. ಆಗಲೂ ನಕ್ಕರು. ಆದರೆ ಪರೀಕ್ಷೆ ಹತ್ತಿರ ಬಂದಂತೆ ನಗೆ ನಿಂತಿತು. ಒಂದು ಸಂಜೆ ಆ ಉದ್ದನೆಯ ಹುಡುಗ ನನ್ನ ಮೇಜಿನ ಮುಂದೆ ನಿಂತ.

"ಅಮ್ಮಾರೇ, ನಿಮಗ ಹೇಳ್ದೇ ಮಾಡಬಾರ್ದು ಅಂತ ಹೇಳಾಕತ್ತೀನಿ. ನಾವೆಲ್ಲ ಸೇರಿ ಅರ್ಜಿ ಕೊಟ್ಟೀವಿ. ಮಕ್ಕಳ ರೂಮ್ ನಮಗ ಓದಾಕ ಕೊಡ್ರಿ ಅಂತ. ಲೈಬ್ರರಿ ಅಂಗನವಾಡಿ ಆಗ್ಯಾದ ಅಂತನೂ ಬರದೀವಿ."

ನಾನು ಸೆರಗಿನ ತುದಿ ಸುತ್ತಿದೆ, ಬಿಚ್ಚಿದೆ. "ಆತಪಾ" ಎಂದೆ. ಅವತ್ತು ಸಂಜೆ ಒಂದೇ ಬಸ್ಸಿನಲ್ಲಿ ಹೋದೆವು. ಗಬ್ಬೂರು ಬರುವವರೆಗೆ ಅವನೂ ಕಿಟಕಿಯ ಹೊರಗೆ ನೋಡಿದ, ನಾನೂ ನೋಡಿದೆ.

ನಮ್ಮ ಗ್ರಂಥಪಾಲಕರು ಎರಡು ಊರುಗಳ ಗ್ರಂಥಾಲಯ ನೋಡುತ್ತಿದ್ದುದರಿಂದ ದಿನ ಬಿಟ್ಟು ದಿನ ಬರುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಮೇಲಿನವರೆಂದರೆ ಅಂಜುತ್ತಿದ್ದರು. ಅರ್ಜಿಯ ಮೇಲೆ ಗ್ರಂಥಾಲಯ ಇಲಾಖೆಯ ಜಿಲ್ಲಾ ಸಾಹೇಬರೇ ಬಂದು ನೋಡುತ್ತಾರೆಂದು ತಿಳಿದ ಕೂಡಲೇ ಅವರಿಗೆ ನನಗಿಂತ ಹೆಚ್ಚು ಚಡಪಡಿಕೆ ಶುರುವಾಯಿತು. ಜೋಲಿಯ ಕೆಳಗೆ ನಿಂತು ಕೊಕ್ಕೆ ನೋಡಿದರು.

"ಯವ್ವಾ, ಇದನ್ನ ಮೊದಲು ಬಿಚ್ಚಿ ಒಗೀರಿ. ಸಾಹೇಬ್ರ ಕಣ್ಣಿಗೆ ಬಿದ್ರ ರೂಮೂ ಹೋಗ್ತದ, ನಾನೂ ಹೋಗ್ತೀನಿ. ಕೂಸುಗಳ್ನ ತರಬ್ಯಾಡ್ರಿ ಅಂತ ಹುಡುಗೇರಿಗೆ ಹೇಳ್ರಿ. ಒಂದ ವಾರ ಶಾಂತ ಇರ್ಲಿ. ಅರ್ಜಿ ತಾನ ತಣ್ಣಗಾಗ್ತದ."

ನನಗೂ ಸರಿ ಎನಿಸಿತು. ಗದ್ದಲದ ಮೇಲೆ ಅರ್ಜಿ ಬಂದಿದೆ, ಗದ್ದಲ ನಿಂತರೆ ಅರ್ಜಿಗೆ ಬಲವೆಲ್ಲಿ? ಜೋಲಿ ಬಿಚ್ಚಿ ಮಡಚಿ ಕಪಾಟಿನ ತಳದಲ್ಲಿ ಇಟ್ಟೆ. ಹುಡುಗಿಯರಿಗೆ ಬಾಗಿಲಲ್ಲೇ ಹೇಳಿದೆ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೋದರು. ಹಣ್ಣಿನ ಗಾಡಿಯವಳ ಮಗಳು ಮಾತ್ರ, "ಹಂಗಾದ್ರ ಹೊರಗ ನಿಂತು ಓದ್ಲೇನ್ರಿ?" ಎಂದು ಕೇಳಿದಳು. "ಈ ವಾರ ಬ್ಯಾಡವಾ" ಎಂದೆ.

ಆ ವಾರ ಕೋಣೆ ಎಷ್ಟು ಶಾಂತವಾಗಿತ್ತೆಂದರೆ ನನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಹುಡುಗಿಯರು ಬರದಿದ್ದ ಮೇಲೆ ಅವರ ಗೆಳತಿಯರೂ ಬರಲಿಲ್ಲ. ಕಥೆ ಇಲ್ಲವೆಂದು ಉಳಿದವರೂ ಒಂದು ಸುತ್ತು ಇಣುಕಿ ಮೈದಾನದ ಕಡೆ ಓಡಿದರು. ನಾನು ಕುರ್ಚಿಗಳನ್ನು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದೆ.

ಸಾಹೇಬರು ಬರುವ ದಿನ ನನ್ನ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ನಿಂತಿತು. ಕಂಡಕ್ಟರ್ ಜ್ಯಾಕು ತಿರುಗಿಸುವುದನ್ನು ಎಲ್ಲರೂ ಬೇವಿನ ನೆರಳಿನಲ್ಲಿ ಕೂತು ನೋಡುತ್ತಿದ್ದರೆ ನಾನು ಬಿಸಿಲಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅಡ್ಡಾಡಿದೆ. "ಕುಂದರ್ರಿ ಅಮ್ಮಾರೇ, ನೀವು ಅಡ್ಡಾಡಿದ್ರ ಗಾಲಿ ತಿರಗಂಗಿಲ್ಲ" ಎಂದ ಕಂಡಕ್ಟರ್. ಹೋಗಿ ಮುಟ್ಟಿದಾಗ ಸಾಹೇಬರಿನ್ನೂ ಬಂದಿರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಜೀಪು ಬಂತು.

ಸಾಹೇಬರು ಬೇರೆ ಸೀಮೆಯವರು, ಮಾತು ಬೇರೆ ತರಹ. ಹಾಲಿನಲ್ಲಿ ಒಂದು ಸುತ್ತು ಹಾಕಿದರು. ವರಾಂಡದಲ್ಲಿ ನಿಂತು ಓದುತ್ತಿದ್ದವರನ್ನು ಮಾತನಾಡಿಸಿದರು. ಆಮೇಲೆ ಮಕ್ಕಳ ಕೋಣೆಗೆ ಬಂದರು. ಒರೆಸಿ ಒರೆಸಿ ಮಿಂಚುವ ನೀಲಿ ಕುರ್ಚಿಗಳು, ಗುಡಿಸಿದ ಜಮಖಾನ. ಒಂದು ನರಪಿಳ್ಳೆ ಇಲ್ಲ.

"ಇದೇನ್ರೀ, ಮಕ್ಕಳ ಕೋಣೇಲಿ ಮಕ್ಕಳೇ ಇಲ್ಲ?"

ಗ್ರಂಥಪಾಲಕರು, "ಶಾಲಿ ಪರೀಕ್ಷಾ ನಡದಾವ್ರಿ ಸಾರ್" ಎಂದರು. ಪರೀಕ್ಷೆ ಯಾವುದೂ ಇರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು.

"ಏನಮ್ಮಾ, ದಿನಾ ಹೀಗೇನಾ?"

ನಾನು ಬಾಯಿ ತೆರೆದೆ. ದಿನಾ ಹೀಗಲ್ಲ, ನಾವೇ ಬರಬೇಡಿರೆಂದೆವು ಎಂದರೆ ಪಕ್ಕದಲ್ಲಿ ನಿಂತ ಗ್ರಂಥಪಾಲಕರ ಸುಳ್ಳು ಹೊರಬರುತ್ತದೆ. ಜೋಲಿಯ ಮಾತು ಎಲ್ಲಿಂದ ಶುರು ಮಾಡಲಿ? ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು.

"ಒಳಗೆ ಖಾಲಿ ಕೋಣೆ, ಹೊರಗೆ ನಿಂತು ಓದೋ ಹುಡುಗರು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಎಂದು ಸಾಹೇಬರು ಹಾಲಿನ ಮೂಲೆಯಲ್ಲಿದ್ದ ಗ್ರಂಥಪಾಲಕರ ಮೇಜಿಗೆ ಹೋಗಿ ಕೂತರು. ಚಹಾ ತರಲು ಹೇಳಿ ಕಳಿಸಿದರು.

ಗದ್ದಲವಿದ್ದರೆ ಕೋಣೆ ಹೋಗುತ್ತದೆ ಎಂದು ಗದ್ದಲ ತೆಗೆದೆವು. ಈಗ ಗದ್ದಲವಿಲ್ಲದ್ದಕ್ಕೇ ಕೋಣೆ ಹೋಗುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆನೋ ಇಲ್ಲವೋ, ಬಸ್‌ ನಿಲ್ದಾಣದ ಕಡೆ ಹೊರಟೆ. ಯಾಕೆ ಹೊರಟೆನೆಂದು ಪೂರ್ತಿ ತಿಳಿದಿರಲಿಲ್ಲ. ಕಾಲುಗಳು ಹೋಗುತ್ತಿದ್ದವು.

ಹಣ್ಣಿನ ಗಾಡಿಯವಳು ಪಪ್ಪಾಯಿಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ಮಗಳು ಪಕ್ಕದಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ತೂಗುತ್ತಾ ನಿಂತಿದ್ದಳು.

"ಮಗಳನ್ನ ಕಳಸ್ರಿ" ಎಂದೆ. ಏದುಸಿರು ಬರುತ್ತಿತ್ತು. "ಕೂಸಿನ ಜೋಡಿ ಕಳಸ್ರಿ."

ಅವಳು ಗೋಣಿ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೊನ್ನಿ ಬರಬ್ಯಾಡ ಅಂದ್ರಿ, ಇವತ್ತ ಬಾ ಅಂತೀರಿ. ನನ್ನ ಮಗಳೇನ್ ಬಸ್ ಏನ್ರಿ, ಕೈ ಮಾಡಿದ್ರ ನಿಲ್ಲಾಕ, ಕೈ ಬೀಸಿದ್ರ ಹೋಗಾಕ?"

ಅವಳು ಹೇಳಿದ್ದು ಸರಿಯಿತ್ತು. ಸುಮ್ಮನೆ ಎರಡೂ ಕೈಗಳನ್ನು ಕೂಸಿನ ಕಡೆ ಚಾಚಿದೆ. ಅದಕ್ಕೆ ನನ್ನ ಗುರುತಿತ್ತು. ನಕ್ಕು, ಜಿಗಿದು ಬಂದು ನನ್ನ ಕೊರಳಿಗೆ ಜೋತುಬಿತ್ತು. ತಾಯಿ ಅದನ್ನು ನೋಡಿ, "ಹೋಗಬೇ, ಹೋಗು. ತಮ್ಮ ಹೋದ ಮ್ಯಾಲ ನೀ ಯಾಕ ನಿಂತಿ?" ಎಂದು ಮಗಳ ಬೆನ್ನು ತಟ್ಟಿದಳು.

ನಾನು ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಹುಡುಗಿಯೇ ಕೂಗಿ ಹೇಳಿದಳು. "ಜೋಲಿ ಮತ್ತ ಕಟ್ತಾರಂತ! ಬರ್ರಲೇ!" ಮೈದಾನದಿಂದ, ನಲ್ಲಿಯ ಹತ್ತಿರದಿಂದ, ಓಣಿಯ ಬಾಗಿಲುಗಳಿಂದ ಮಕ್ಕಳು ಹೊರಟರು. ಕೂಸು ಹೊತ್ತವರು, ಹೊರದವರು. ನಾನು ಮುಂದೆ, ಸೊಂಟದ ಮೇಲೆ ಕೂಸು. ಹಾಲಿನ ನಡುವೆಯೇ ಹಾದು ಹೋಗಬೇಕು, ಬೇರೆ ಬಾಗಿಲಿಲ್ಲ. ಅಷ್ಟು ಜನ ತಲೆ ಎತ್ತಿ ನೋಡುತ್ತಿರುವಾಗ ನಾನು ಹಿಂದೆ ಎಂದೂ ನಡೆದಿರಲಿಲ್ಲ. ನೆಲ ನೋಡುತ್ತಾ ನಡೆದೆ. ಮೂಲೆಯ ಮೇಜಿನಿಂದ ಗ್ರಂಥಪಾಲಕರು ಕೈಯಲ್ಲಿ ಬೇಡ ಬೇಡವೆಂದು ಸನ್ನೆ ಮಾಡಿದ್ದು ಕಂಡೂ ಕಾಣದಂತೆ ಹೋದೆ.

ಸೀರೆ ತೆಗೆದೆ. ಸ್ಟೂಲು ಇರಲಿಲ್ಲ, ಹಾಲಿನಲ್ಲಿ ಯಾರೋ ಅದರ ಮೇಲೂ ಕೂತು ಓದುತ್ತಿದ್ದರು. ಪುಟ್ಟ ನೀಲಿ ಕುರ್ಚಿ ಹತ್ತಿದರೆ ಕೊಕ್ಕೆ ಎಟುಕದು, ಕುರ್ಚಿ ಅಲುಗಾಡುತ್ತದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಉದ್ದನೆಯ ಕೈ ಬಂದು ಸೀರೆಯ ತುದಿ ತೆಗೆದುಕೊಂಡಿತು. ಗಬ್ಬೂರಿನ ಹುಡುಗ.

"ಬಿಡ್ರಿ ಅಮ್ಮಾರೇ, ಬಿದ್ದೀರಿ. ನಾ ಕಟ್ತೀನಿ." ಗಂಟು ಬಿಗಿಯುತ್ತಾ ದನಿ ತಗ್ಗಿಸಿ, "ಹಂಗಂತ ಅರ್ಜಿ ವಾಪಸ್ ತಗೊಳಂಗಿಲ್ಲ ನಾವು" ಎಂದ.

"ಬ್ಯಾಡಪಾ" ಎಂದೆ. "ಗಂಟು ಗಟ್ಟಿ ಹಾಕು."

ಕೂಸನ್ನು ಮಲಗಿಸಿ, ಹಗ್ಗ ಹಿಡಿದು, ಕೈಗೆ ಸಿಕ್ಕ ಪುಸ್ತಕ ಬಿಚ್ಚಿದೆ. ಮಕ್ಕಳು ತಳ್ಳಾಡಿ ಕೂತರು. ಹೋದಾಗ ಅರ್ಧ ಸಾಲು, ಬಂದಾಗ ಅರ್ಧ ಸಾಲು. ಎರಡನೇ ಪುಟದ ಹೊತ್ತಿಗೆ ಬಾಗಿಲಲ್ಲಿ ಬೂಟುಗಳು ಕಂಡವು. ಸಾಹೇಬರದೇ. ನಿಲ್ಲಿಸಿಬಿಡಬೇಕೆನಿಸಿತು. ಆದರೆ ಕೂಸಿನ ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ಈಗ ನಿಲ್ಲಿಸಿದರೆ ಅದು ಏಳುತ್ತದೆ, ಎದ್ದರೆ ಅಳುತ್ತದೆ, ಅತ್ತರೆ ಎಲ್ಲ ಮುಗಿಯಿತು. ಹಾಗಾಗಿ ಓದಿದೆ. ಧೈರ್ಯ ಬಂತೆಂದು ತಿಳಿಯಬೇಡಿ. ನಿಲ್ಲಿಸುವ ಹಾಗಿರಲಿಲ್ಲ, ಅದಕ್ಕೆ ಓದಿದೆ. ಕಥೆ ಮುಗಿಯುವವರೆಗೆ ಬೂಟುಗಳು ಅಲ್ಲೇ ಇದ್ದವು.

"ಪರೀಕ್ಷೆ ಮುಗೀತಾ ಮಕ್ಕಳೇ?" ಎಂದು ಸಾಹೇಬರು ಕೇಳಿದರು.

"ಯಾ ಪರೀಕ್ಷಾ ರೀ?" ಎಂದರು ಮಕ್ಕಳು.

ಗ್ರಂಥಪಾಲಕರು ಮಾಳಿಗೆ ನೋಡಿದರು. ಸಾಹೇಬರು ಜೋಲಿ ನೋಡಿದರು, ಹಾಲಿನಿಂದ ಇಣುಕುತ್ತಿದ್ದ ಹುಡುಗರನ್ನು ನೋಡಿದರು, ಕೈಗಡಿಯಾರ ನೋಡಿದರು. "ಶಾಲೆ ಬಿಡೋವರೆಗೆ ಇಲ್ಲಿ ಹುಡುಗರು ಓದಲಿ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಬಿಟ್ಟುಕೊಡಲಿ. ಮಕ್ಕಳ ಕೋಣೆ ಮಕ್ಕಳ ಕೋಣೆಯಾಗೇ ಇರಲಿ. ಆ ಜೋಲೀನ ಮಾತ್ರ ನಾನು ನೋಡಿಲ್ಲ." ಇಷ್ಟು ಹೇಳಿ ಜೀಪು ಹತ್ತಿದರು.

ಗೆದ್ದೆವೆಂದು ನೀವು ಚಪ್ಪಾಳೆ ತಟ್ಟಬೇಡಿ. ಅವರು ಹೇಳಿದ್ದು ಬಾಯಿಮಾತು. "ಆದೇಶ ಬರಹದಾಗ ಬರ್ತದ ಬಿಡ್ರಿ" ಎಂದರು ಗ್ರಂಥಪಾಲಕರು. ನಾನು ಪ್ರತಿ ಟಪಾಲು ಬಂದಾಗಲೂ ಕೆಲಸ ಬಿಟ್ಟು ಎದ್ದು ಹೋಗಿ ನೋಡುತ್ತಿದ್ದೆ. ಬರಲಿಲ್ಲ. ಶಾಲೆ ಬಿಡುವ ಹೊತ್ತಾದರೆ ಕೋಣೆಯಲ್ಲಿ ಓದುತ್ತಿದ್ದ ಹುಡುಗರು "ಇದೊಂದ ಪೇಜ್, ಅಮ್ಮಾರೇ" ಎನ್ನುತ್ತಿದ್ದರು. ಬಾಗಿಲಲ್ಲಿ ಕೂಸುಗಳು ಗೋಳಾಡುತ್ತಿದ್ದವು. ರಜೆಯ ದಿನ ಕೋಣೆ ಯಾರದೆಂದು ಯಾರೂ ಹೇಳಿರಲಿಲ್ಲ, ಅದಕ್ಕೆ ಬೇರೆ ಜಗಳ. ಆದರೂ ನಾನಿರುವವರೆಗೆ ಸಂಜೆಯ ಹೊತ್ತು ಮಕ್ಕಳದೇ ಆಗಿತ್ತು. ಹಣ್ಣಿನ ಗಾಡಿಯವಳ ಮಗ ಜೋಲಿಯಿಂದ ಇಳಿದು ಕುರ್ಚಿ ಹಿಡಿದು ನಿಲ್ಲುವುದನ್ನು ಕಲಿತದ್ದು ಆ ಕೋಣೆಯಲ್ಲೇ.

ಆಮೇಲೆ ನನ್ನನ್ನು ರಾಯಚೂರಿಗೆ ಹಾಕಿದರು. ನಿವೃತ್ತಿಯೂ ಆಯಿತು. ಈಚೆಗೆ ರಾಯಚೂರಿನ ಬಸ್‌ ನಿಲ್ದಾಣದಲ್ಲಿ ಗಬ್ಬೂರಿನ ಆ ಹುಡುಗ ಸಿಕ್ಕ. ಪೊಲೀಸ್ ಆಗಿಲ್ಲ, ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಕಾಲಿಗೆ ನಮಸ್ಕಾರ ಮಾಡಿದ. ಕೋಣೆ ಹೇಗಿದೆ ಎಂದು ಕೇಳಿದೆ.

"ಈಗ ಹೊಸಬರು ಬಂದಾರ್ರಿ. ಗೋಡಿಗೆ ಬಣ್ಣ ಹೊಡಸ್ಯಾರ, ಅಕ್ಷರ ಎಲ್ಲಾ ಮುಚ್ಚಿ ಹೋದವು. ಕುರ್ಚಿ ಮೂಲ್ಯಾಗ ಪೇರ್ಸಿ ಇಟ್ಟಾರ. ಸಂಜಿ ಕೆಲವೊಮ್ಮಿ ಮಕ್ಕಳು ಬರ್ತಾವ, ಕೆಲವೊಮ್ಮಿ ಬಾಗಿಲಿಂದನ ಹೊಳ್ಳಿ ಹೋಗ್ತಾವ. ಅದು ಮಕ್ಕಳ ರೂಮ್ ಅಂತ ಎಲ್ಲಿ ಬರದದ ತೋರಸ್ರಿ ಅಂತಾರಂತ."

ಅಂದಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ. ಮರುದಿನವೇ ದೇವದುರ್ಗದ ಬಸ್ಸು ಹತ್ತಿದ್ದೆ. ಗ್ರಂಥಾಲಯದ ಬಾಗಿಲವರೆಗೆ ಹೋದೆ. ಹೊಸಬರು ತಲೆ ಎತ್ತಿ "ಯಾರು ಬೇಕಾಗಿತ್ರಿ?" ಎಂದರು. "ಯಾರಿಲ್ರಿ, ಪೇಪರ್ ನೋಡಾಕ ಬಂದಿದ್ದೆ" ಎಂದೆ. ಪೇಪರು ತಲೆಕೆಳಗಾಗಿ ಹಿಡಿದಿದ್ದೇನೆಂದು ಪಕ್ಕದವರು ಹೇಳಿದಾಗ ಎದ್ದು ಬಂದುಬಿಟ್ಟೆ.

ಮನೆಗೆ ಬಂದವಳು ಇದನ್ನು ಬರೆಯಲು ಕೂತೆ. ಅದು ಮಕ್ಕಳ ಕೋಣೆ ಎಂದು ಎಲ್ಲೂ ಬರೆದಿಲ್ಲವಂತೆ, ಈಗ ಒಂದು ಕಡೆ ಬರೆದಿದೆ. ನಾನು ಇದನ್ನು ಹಿಡಿದು ಯಾವ ಕಚೇರಿಯ ಮೇಜಿನ ಮುಂದೆಯೂ ನಿಲ್ಲಲಾರೆ, ಅದು ನಿಮಗೆ ಗೊತ್ತೇ ಇದೆ. ನೀವಿಬ್ಬರೂ ಹಾಗಲ್ಲ, ಹುಟ್ಟಿದಾಗಿನಿಂದ ದೊಡ್ಡ ಬಾಯಿ. ನಿಮ್ಮ ಅವ್ವ ನಿಮ್ಮನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಲು ಒಪ್ಪಿದ್ದಾಳೆ. ಆ ಬಾಗಿಲಲ್ಲಿ ನಿಂತು ಕೋಣೆ ಮಕ್ಕಳಿಗೆ ಬೇಕೆಂದು ಕೇಳಿ, ಇದನ್ನು ಓದಿ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳ ಮೇಲೆ ಚಿತ್ರ ಗೀಚಬೇಡಿ, ದೋಣಿ ಮಾಡಬೇಡಿ. ನಿಮ್ಮ ಅವ್ವನ ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ನುಸಿ ಗುಳಿಗೆ ಹಾಕಿ ಜೋಪಾನವಾಗಿ ಇಡಿ. ಹೋದ ಮೇಲೂ ಎಸೆಯಬೇಡಿ. ಒಮ್ಮೆ ಕೇಳಿದರೆ ಸಾಕಾಗುವ ವಿಷಯವಲ್ಲ ಇದು, ಮತ್ತೆ ಮತ್ತೆ ಹೋಗಬೇಕಾದೀತು.